ಕಲಬುರಗಿಯಲ್ಲಿ ಪಾರ್ಕೋರ್: ಮೊದಲ ಆರು ತಿಂಗಳು ಹೇಗೆ ಕಲಿಯಬೇಕು

ಓಡಿ, ಜಿಗಿದು, ಹತ್ತಿ, ಉರುಳಿ ದಾರಿಯ ಅಡೆತಡೆ ದಾಟುವ ವಿದ್ಯೆಗೆ ಪಾರ್ಕೋರ್ ಎನ್ನುತ್ತಾರೆ. ಅದನ್ನು ಮೊಬೈಲಿನಲ್ಲಿ ನೋಡಿದ ಹುಡುಗರು ಮೊದಲು ಮಾಡುವ ಕೆಲಸ ಮಾಳಿಗಿ ಹತ್ತುವುದು. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಈ ವಿದ್ಯೆಯಲ್ಲಿ ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು: ನೆಲಕ್ಕೆ ಕಾಲು ಹೇಗೆ ತಾಗಬೇಕು, ಆಯ ತಪ್ಪಿದರೆ ಹೇಗೆ ಬೀಳಬೇಕು ಎಂಬುದನ್ನು. ಅದು ಮೈಗೆ ಹತ್ತಿದವರಿಗೆ ಕಟ್ಟೆ, ಗೋಡೆ, ಕಂಬಿ ಒಂದೊಂದಾಗಿ ಒಲಿಯುತ್ತವೆ. ಹತ್ತದವರು ಎರಡನೇ ತಿಂಗಳಲ್ಲೇ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂರುತ್ತಾರೆ. 14ರಿಂದ 20 ವಯಸ್ಸಿನವರು, ಹತ್ತಿರದಲ್ಲಿ ಪಾರ್ಕೋರ್ ಕಲಿಸುವ ಜಾಗವಿಲ್ಲದವರು, ಕಲಬುರಗಿ ಪಟ್ಟಣದಲ್ಲೋ ಸೇಡಂ, ಚಿತ್ತಾಪುರ, ಆಳಂದದ ಕಡೆಯೋ ಇರುವವರು ಹೇಗೆ ಮುಂದುವರಿಯಬಹುದು ಎಂಬುದನ್ನು ಇಲ್ಲಿ ಬರೆದಿದೆ.

ಇದು ಸರ್ಕಸ್ಸಿನ ಆಟವಲ್ಲ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ 20ನೇ ಶತಮಾನದ ಆರಂಭದಲ್ಲಿ ಓಟ, ಜಿಗಿತ, ಹತ್ತುವುದು, ನಾಲ್ಕು ಕಾಲಿನ ನಡಿಗೆ, ಸಮತೋಲ ಇವನ್ನೆಲ್ಲ ಸೇರಿಸಿ ಒಂದು ವ್ಯಾಯಾಮ ಪದ್ಧತಿ ಕಟ್ಟಿದ. ಸೈನ್ಯದ ಅಡೆತಡೆ ಓಟದ ಮೇಲೂ ಅದರ ಪ್ರಭಾವವಿದೆ. ಮುಂದೆ ಪ್ಯಾರಿಸ್ ಹತ್ತಿರದ ಲಿಸ್ ಎಂಬ ಊರಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು ಅದನ್ನು ಇಂದಿನ ಪಾರ್ಕೋರ್ ಆಗಿ ಬೆಳೆಸಿದರು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ 2018ರಲ್ಲಿ ಇದನ್ನು ತನ್ನ ವಿಭಾಗವಾಗಿ ಸೇರಿಸಿಕೊಂಡಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 2022ರಲ್ಲಿ ಟೋಕಿಯೋದಲ್ಲಿ ನಡೆಯಿತು. ಮನೆಯಲ್ಲಿ "ಇದೇನು ಗ್ವಾಡಿ ಜಿಗಿಯೋ ಹುಚ್ಚು?" ಎಂದು ಕೇಳಿದರೆ ಹೇಳಲು ಇಷ್ಟು ಸಾಕು.

ಜಾಗ ನೋಡುವುದು

ನಮ್ಮ ಕಡೆ ಅಂಗಳ, ಮೆಟ್ಟಿಲು, ಕಟ್ಟೆ ಎಲ್ಲದಕ್ಕೂ ಶಹಾಬಾದ್ ಫರಸಿ. ನಯವಾದ ಫರಸಿಯ ಮೇಲೆ ತೆಳ್ಳಗೆ ಧೂಳು ಕೂತಿದ್ದರೆ ಸಾಕು, ಎಷ್ಟು ಒಳ್ಳೆಯ ಬೂಟಾದರೂ ಜಾರುತ್ತದೆ. ಮೊದಲು ಕೈಯಿಂದ ಧೂಳು ಒರೆಸಿ. ಆಮೇಲೆ ಮುಂಗಾಲನ್ನು, ಅಂದರೆ ಪಾದದ ಮುಂಭಾಗವನ್ನು, ಅಂಚಿನ ಮೇಲಿಟ್ಟು, ಅರ್ಧ ಮೈಭಾರ ಹಾಕಿ ಮುಂದಕ್ಕೆ ಉಜ್ಜಿ. ಕಿರ್ ಎಂದು ಹಿಡಿದರೆ ಸರಿ, ಸುರ್ ಎಂದು ಸರಿದರೆ ಆ ಅಂಚಿನ ಮೇಲೆ ಜಿಗಿಯಬೇಡಿ. ಮಳೆಗಾಲದಲ್ಲಿ ನೆರಳಿನ ಗೋಡೆಗೆ ಪಾಚಿ ಕಟ್ಟಿರುತ್ತದೆ. ಅದು ಒಣಗಿ ಕಪ್ಪಾಗಿದ್ದರೂ ನಂಬಬಾರದು.

ಕಂಪೌಂಡ್ ಗೋಡೆಯ ನೆತ್ತಿಗೆ ಹೊದಿಸಿದ ಫರಸಿ ಇನ್ನೊಂದು ಅಪಾಯ. ಮೇಲಿನಿಂದ ಗಟ್ಟಿಯಾಗಿ ಕಂಡರೂ ಅಡಿಯ ಸಿಮೆಂಟ್ ಬಿಟ್ಟಿರುತ್ತದೆ. ಗೋಡೆ ದಾಟುವಾಗ ನಿಮ್ಮ ಕೈ ಕಲ್ಲನ್ನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಸಡಿಲ ಕಲ್ಲು ಆಗಲೇ ಕೈಯೊಡನೆ ಜಾರಿ ಬರುವುದು. ಮುಷ್ಟಿಯಿಂದ ಗುದ್ದಿ ನೋಡಿ. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಎರಡೂ ಕೈ ಹಾಕಿ ನಿಮ್ಮ ಕಡೆ ಎಳೆಯಿರಿ, ಆ ಕಡೆ ತಳ್ಳಿ. ಗಾಜಿನ ಚೂರು, ಹೊರಗೆ ಚಾಚಿದ ಸರಳು, ಆ ಕಡೆ ನೆಲದಲ್ಲಿ ಏನಿದೆ, ಇವನ್ನು ಗೋಡೆ ಸುತ್ತಿಹೋಗಿ ಕಣ್ಣಾರೆ ನೋಡಬೇಕು. ಬಿಡಿಬಿಡಿಯಾಗಿ ಪೇರಿಸಿದ ಸಿಮೆಂಟ್ ಬ್ಲಾಕುಗಳ ಮೇಲೆ ಎಂದೂ ಕೈ ಊರಿ ಜಿಗಿಯಬೇಡಿ. ಮೇಲಿನ ಬ್ಲಾಕ್ ನಿಮ್ಮ ಕಾಲ ಮೇಲೇ ಬೀಳುತ್ತದೆ.

ಹೊಲದಲ್ಲಿ ಮೆತ್ತಗಿರುತ್ತದೆ ಎಂದು ಹೋಗುವವರಿದ್ದಾರೆ. ಎರೆ ಭೂಮಿ ಇದಕ್ಕೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಬೂಟಿನ ಅಡಿಗೆ ಹೆಂಟೆಯಾಗಿ ಹತ್ತುತ್ತದೆ.

ಕಲಬುರಗಿ ಕೋಟೆ, ಬೀದರ್ ಕೋಟೆ ಇವೆಲ್ಲ ವಿಡಿಯೊಗೆ ಚೆಂದ ಕಾಣುತ್ತವೆ, ಆದರೆ ಅಲ್ಲಿ ಅಭ್ಯಾಸ ಬೇಡವೇ ಬೇಡ. ಹಳೆಯ ಗಾರೆ ಸಡಿಲಾಗಿರುತ್ತದೆ, ಒಂದು ಕಲ್ಲು ಉದುರಿದರೆ ಮತ್ತೆ ಬರುವುದಿಲ್ಲ. ಕಾನೂನೂ ಇದೆ: 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, 2010ರ ತಿದ್ದುಪಡಿಯ ನಂತರ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಾಗಾದರೆ ಎಲ್ಲಿ? ನಮ್ಮ ಜಿಲ್ಲೆಗಳಲ್ಲಿ ಪಾರ್ಕೋರ್ ಕಲಿಯುವವರಿಗೆ ಬೇರೆ ಎಲ್ಲಕ್ಕಿಂತ ಮೇಲಾದ ಸೌಲಭ್ಯವೆಂದರೆ ಗರಡಿ ಮನೆ. ಅಲ್ಲಿನ ಹದ ಮಾಡಿದ ಕೆಂಪು ಮಣ್ಣು ಉರುಳುವುದಕ್ಕೆ, ಇಳಿಯುವುದಕ್ಕೆ ಹೇಳಿ ಮಾಡಿಸಿದ್ದು. ಪೈಲ್ವಾನರ ತಾಲೀಮು ಇಲ್ಲದ ಹೊತ್ತಿನಲ್ಲಿ ಗರಡಿಯ ಗುರು ವಸ್ತಾದರ ಹತ್ತಿರ ಹೋಗಿ ಕೇಳಿ: "ಕಾಕಾ, ಮುಂಜಾನೆ ಒಂದು ತಾಸು ಮಣ್ಣಾಗ ಉರುಳೋದು ಕಲೀತೀವ್ರಿ. ಮಣ್ಣು ನಾವೇ ಕೆದರಿ ಹದ ಮಾಡಿ ಹೋಗ್ತೀವಿ." ಚಪ್ಪಲಿ, ಬೂಟು ಹೊರಗೇ ಬಿಡಬೇಕು. ಗರಡಿಗೆ ಹೆಣ್ಣುಮಕ್ಕಳನ್ನು ಬಿಡದ ಊರುಗಳಲ್ಲಿ ಅವರಿಗೆ ಶಾಲೆ ಅಥವಾ ಕ್ರೀಡಾಂಗಣದ ಉದ್ದಜಿಗಿತದ ಮರಳು ಗುಂಡಿ ಅಷ್ಟೇ ಒಳ್ಳೆಯದು. ಮರಳನ್ನು ಒಂದು ಅಡಿ ಆಳ ಸಲಿಕೆಯಿಂದ ಕೆದರಿ, ಗಾಜು, ಮುಳ್ಳು, ನಾಯಿಯ ಹೊಲಸು ಇಲ್ಲವೆಂದು ನೋಡಿಯೇ ಇಳಿಯಿರಿ. ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಬೇಡ. ಅದರ ಕಣ ಚೂಪಾಗಿದ್ದು ಚರ್ಮ ಸುಲಿಯುತ್ತದೆ.

ಹೊತ್ತು, ಬೂಟು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅಭ್ಯಾಸ ಮುಂಜಾನೆ 5:30ರಿಂದ 7:30ರ ಒಳಗೆ ಮುಗಿಯಬೇಕು. ಸಂಜೆ ಮಾಡುವವರು ಸೂರ್ಯ ಮುಳುಗಿದ ಕೂಡಲೇ ಶುರುಮಾಡಬಾರದು: ಫರಸಿ ಮತ್ತು ಕಬ್ಬಿಣದ ಕಂಬಿ ಹಗಲು ಕುಡಿದ ಕಾವನ್ನು ಇನ್ನೂ ಬಿಡುತ್ತಿರುತ್ತವೆ. ಅಂಗೈಯನ್ನು ಕಲ್ಲಿನ ಮೇಲೆ ಐದು ಸೆಕೆಂಡ್ ಇಟ್ಟುಕೊಳ್ಳಲು ಆಗದಿದ್ದರೆ ಅಂದಿನ ಕೈಯೂರುವ ಅಭ್ಯಾಸ ರದ್ದು. ಹೊರಡುವ ಮುಂಚೆ ಒಂದು ದೊಡ್ಡ ಲೋಟ ಉಪ್ಪು ಹಾಕಿದ ಮಜ್ಜಿಗೆ, ನಡುವೆ 15 ನಿಮಿಷಕ್ಕೊಮ್ಮೆ ಕೆಲವು ಗುಟುಕು ನೀರು. ಜೊತೆಯವರು ಬಿಸಿಲಿಗೆ ತಡವರಿಸಿ ಮಾತಾಡತೊಡಗಿದರೆ, ಮೈ ಕಾದಿದ್ದರೆ, ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಿ. ಅದು ದಣಿವಲ್ಲ, ಜೀವಕ್ಕೆ ಕುತ್ತು.

ಬೂಟಿನ ವಿಷಯದಲ್ಲಿ ಬೆಲೆ ನೋಡಬೇಡಿ, ಅಟ್ಟೆ ನೋಡಿ. ಅಡಿ ಒಂದೇ ರಬ್ಬರಿನದಾಗಿ ಚಪ್ಪಟೆಯಾಗಿರಬೇಕು, ನಡುವೆ ಪ್ಲಾಸ್ಟಿಕ್ ತುಂಡು ಇರಬಾರದು. ಕಂಬಿಯ ಮೇಲೆ ನಡು ಪಾದ ಬಿದ್ದಾಗ ಜಾರುವುದು ಆ ತುಂಡಿನಿಂದಲೇ. ಹಿಮ್ಮಡಿಗೆ ದಪ್ಪ ಸ್ಪಂಜ್ ಇರುವ ಓಟದ ಬೂಟುಗಳಲ್ಲಿ ನೆಲ ಎಲ್ಲಿದೆ ಎಂಬುದು ಪಾದಕ್ಕೆ ತಿಳಿಯದು, ಹಿಮ್ಮಡಿಯ ಮೇಲೆ ಬೀಳುವ ಕೆಟ್ಟ ಚಾಳಿಯೂ ಹತ್ತುತ್ತದೆ. ಉಂಗುರ, ಕಡಗ, ಕೊರಳ ದಾರ, ಜೇಬಿನ ಮೊಬೈಲು ಎಲ್ಲ ತೆಗೆದಿಡಿ. ಜೀನ್ಸ್ ಬೇಡ, ಟ್ರ್ಯಾಕ್ ಪ್ಯಾಂಟ್ ಹಾಕಿ.

ಇಳಿಯುವುದು

ಎತ್ತರದಿಂದ ಬರುವ ಹೊಡೆತವನ್ನು ಮೈ ಎಷ್ಟು ಉದ್ದದ ಚಲನೆಯಲ್ಲಿ ಹೀರುತ್ತದೆ ಎಂಬುದೇ ಇಲ್ಲಿ ಮುಖ್ಯ. ಕಾಲು ಸೆಟೆದಿದ್ದರೆ ಹೊಡೆತವೆಲ್ಲ ಒಂದೇ ಕ್ಷಣದಲ್ಲಿ ಮೊಣಕಾಲಿಗೆ, ಸೊಂಟಕ್ಕೆ ಏರುತ್ತದೆ. ಪಾದ, ಮೊಣಕಾಲು, ಸೊಂಟ ಮೂರೂ ಒಂದರ ಹಿಂದೊಂದು ಮಡಿದರೆ ಸ್ನಾಯುಗಳೇ ಅದನ್ನು ತಿಂದುಹಾಕುತ್ತವೆ.

ನೆಲದ ಮೇಲೆ ನಿಂತಲ್ಲೇ ಸಣ್ಣ ಜಿಗಿತದಿಂದ ಶುರುಮಾಡಿ. ಪಾದಗಳ ನಡುವೆ ಹೆಗಲಗಲ ಅಂತರ. ಮೊದಲು ನೆಲ ಮುಟ್ಟುವುದು ಬೆರಳ ಬುಡದ ದಪ್ಪ ಭಾಗ, ಅಂದರೆ ಮುಂಗಾಲು. ಹಿಮ್ಮಡಿ ಆಮೇಲೆ ಮೆಲ್ಲಗೆ ಸೋಕಿದರೆ ಸೋಕಲಿ, ಕುಟ್ಟಬಾರದು. ಮೊಣಕಾಲು ಎರಡನೇ ಬೆರಳಿನ ದಿಕ್ಕಿಗೇ ಮಡಿಯಬೇಕು. ಪೃಷ್ಠ ಹಿಂದಕ್ಕೆ ಹೋಗಬೇಕು, ಎದೆ ಸ್ವಲ್ಪ ಮುಂದೆ, ಕೈಗಳು ಮುಂದೆ. ತೊಡೆ ನೆಲಕ್ಕೆ ಸಮವಾಗುವ ಮುಂಚೆಯೇ ನಿಲ್ಲಬೇಕು. ಪೂರಾ ಕುಕ್ಕುರುಗಾಲಿಗೆ ಹೋದರೆ ಮೊಣಚಿಪ್ಪಿನ ಮೇಲೆ ಭಾರ ಹೆಚ್ಚುತ್ತದೆ, ಮೊಣಕಾಲು ಮುಖಕ್ಕೆ ಬಡಿಯುವುದೂ ಉಂಟು.

ಪರೀಕ್ಷೆ ಕಿವಿಯದು. ಕಣ್ಣು ಮುಚ್ಚಿ ನಿಂತ ಗೆಳೆಯನಿಗೆ ನೀವು ಇಳಿದದ್ದು ಕೇಳಿಸಿತೇ? ಧಪ್ ಎಂದು ಕೇಳಿಸಿದರೆ ಇನ್ನೂ ಅಲ್ಲೇ ಇರಿ. ಎರಡು ಸಲ ಪಟ್, ಪಟ್ ಎಂದು ಕೇಳಿಸಿದರೆ ಎರಡು ಕಾಲು ಒಟ್ಟಿಗೆ ತಾಗುತ್ತಿಲ್ಲ, ಒಂದು ಕಾಲು ಎಲ್ಲ ಭಾರ ಹೊರುತ್ತಿದೆ. ಹತ್ತಕ್ಕೆ ಹತ್ತು ಸದ್ದಿಲ್ಲದೆ ಬಂದ ಮೇಲೆ ಶಾಲೆಯ ಮೆಟ್ಟಿಲಿನ ಕೊನೆಯ ಒಂದು ಮೆಟ್ಟಿಲಿನಿಂದ ಇಳಿಯಿರಿ, ಅದು ಸುಮಾರು 6 ಇಂಚು. ಎರಡು ವಾರ ಅಷ್ಟೇ. ಆಮೇಲೆ ಎರಡು ಮೆಟ್ಟಿಲು, ಮೂರನೇ ತಿಂಗಳಿಗೆ ಮೊಣಕಾಲೆತ್ತರ. ಆರು ತಿಂಗಳು ಮುಗಿಯುವವರೆಗೂ ಸೊಂಟದೆತ್ತರ ಮೀರಬಾರದು. ಒಂದು ದಿನಕ್ಕೆ ಎತ್ತರದಿಂದ ಇಳಿಯುವುದು 30 ಸಲಕ್ಕಿಂತ ಹೆಚ್ಚು ಬೇಡ.

ಇಷ್ಟು ನಿಧಾನ ಯಾಕೆಂದರೆ, ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಸ್ನಾಯುರಜ್ಜು ಮತ್ತು ಎಲುಬು ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಆರನೇ ವಾರಕ್ಕೆ "ನನಗೆ ಶಕ್ತಿ ಬಂದಿದೆ" ಎನಿಸುವುದು ನಿಜ. ಆದರೆ ಮೊಣಚಿಪ್ಪಿನ ಕೆಳಗಿನ ರಜ್ಜು ಇನ್ನೂ ಹಿಂದೆ ಉಳಿದಿರುತ್ತದೆ. 15ರ ಒಳಗಿನವರಿಗೆ ಮೊಣಕಾಲ ಕೆಳಗೆ ಎಲುಬಿನ ಗಂಟು ಉಬ್ಬಿ, ಒತ್ತಿದರೆ ನೋಯುವುದುಂಟು. ಬೆಳೆಯುವ ಎಲುಬನ್ನು ರಜ್ಜು ಪದೇಪದೇ ಎಳೆದಾಗ ಹೀಗಾಗುತ್ತದೆ. ಹಾಗಾದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವು ನುಂಗಿಕೊಂಡು ಜಿಗಿಯುವುದು ಗಂಡಸ್ತನವಲ್ಲ.

ಹೊಸಬರಲ್ಲಿ ಹೆಚ್ಚಾಗಿ ಕಾಣುವ ದೋಷ ಇಳಿದಾಗ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರವಾಗುವುದು. ಮೊಣಕಾಲಿನೊಳಗಿನ ಕಟ್ಟುಗಳು ಹರಿಯುವುದು ಈ ಬಾಗಿನಲ್ಲೇ, ಹುಡುಗಿಯರಲ್ಲಿ ಈ ಅಪಾಯ ಹೆಚ್ಚು. ಮುಂದಿನಿಂದ ನಿಧಾನಗತಿಯ ವಿಡಿಯೊ ತೆಗೆದು ನೋಡಿಕೊಳ್ಳಿ. ಕಾರಣ ಸಾಮಾನ್ಯವಾಗಿ ಸೊಂಟದ ಪಕ್ಕದ ಸ್ನಾಯು ದುರ್ಬಲವಾಗಿರುವುದು. ಒಂದೇ ಕಾಲಿನಲ್ಲಿ ನಿಂತು ಅರ್ಧ ಬೈಠಕ್, ಕಾಲಿಗೆ 8ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ ಮಾಡಿದರೆ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಉರುಳುವುದು

ಮುಂದಕ್ಕೆ ವೇಗವಿದ್ದಾಗ ಕಾಲು ಮಾತ್ರ ಸಾಲದು, ಉರುಳಿ ಆ ವೇಗವನ್ನು ಹರಿಸಿಬಿಡಬೇಕು. ಜಿಮ್ನಾಸ್ಟಿಕ್ಸ್‌ನ ನೆಟ್ಟಗಿನ ಪಲ್ಟಿ ಇಲ್ಲಿ ನಡೆಯದು. ಗಟ್ಟಿ ನೆಲದಲ್ಲಿ ಬೆನ್ನುಮೂಳೆಯ ಒಂದೊಂದು ಗಂಟೂ ಕಲ್ಲಿಗೆ ಬಡಿಯುತ್ತದೆ. ಪಾರ್ಕೋರ್‌ನ ಉರುಳು ಓರೆಯಾಗಿ ಹೋಗುತ್ತದೆ: ಬಲ ಹೆಗಲಿನ ಹಿಂಭಾಗದಿಂದ ಎಡ ಸೊಂಟಕ್ಕೆ.

ಗರಡಿಯ ಮಣ್ಣಿನಲ್ಲಿ ಬಲ ಮೊಣಕಾಲೂರಿ, ಎಡ ಪಾದ ಮುಂದಿಟ್ಟು ಕೂರಿ. ಎರಡೂ ಅಂಗೈಗಳನ್ನು ಎಡ ಪಾದದ ಬಲಕ್ಕೆ, ಬೆರಳುಗಳು ಒಳಮುಖವಾಗಿ ಇಡಿ. ಗದ್ದವನ್ನು ಎದೆಗೆ ಒತ್ತಿ, ಎಡ ಕಂಕುಳ ಕಡೆ ತಿರುಗಿ ನೋಡಿ. ತಲೆ ದಾರಿಯಿಂದ ಸರಿಯುವುದು ಹೀಗೆ. ಬಲಗೈ ಸ್ವಲ್ಪ ಬಾಗಿರಲಿ, ಮುರಿದು ಬೀಳದಿರಲಿ. ಹಿಂದಿನ ಕಾಲಿನಿಂದ ತಳ್ಳಿ, ಬಲ ಹೆಗಲ ಹಲಗೆಯ ಮೇಲೆ ಹೋಗಿ, ಎಡ ಪೃಷ್ಠದ ಮಾಂಸದ ಮೇಲೆ ಬಂದು, ಹಾಗೇ ಕಾಲಿನ ಮೇಲೆ ಎದ್ದು ನಿಲ್ಲಿ. ತಲೆ ನೆಲಕ್ಕೆ ಸೋಕಲೇಬಾರದು.

ಸರಿಯಾಯಿತೇ ಎಂಬುದನ್ನು ಅಂಗಿಯೇ ಹೇಳುತ್ತದೆ. ಬಿಳಿ ಬನಿಯನ್ ಹಾಕಿಕೊಂಡು ನಾಲ್ಕೈದು ಸಲ ಉರುಳಿ, ಬಿಚ್ಚಿ ಹಿಂಭಾಗ ನೋಡಿ. ಕೆಂಪು ಮಣ್ಣಿನ ಪಟ್ಟೆ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಓರೆಯಾಗಿ ಬಂದಿರಬೇಕು. ಪಟ್ಟೆ ನಡು ಬೆನ್ನಲ್ಲಿ ನೆಟ್ಟಗಿದ್ದರೆ ನೀವು ಪಲ್ಟಿ ಹೊಡೆಯುತ್ತಿದ್ದೀರಿ, ತಲೆ ಸಾಕಷ್ಟು ತಿರುಗಿಲ್ಲ. ಹೆಗಲ ತುದಿಯ ಎಲುಬಿನ ಮೇಲೆ ದಟ್ಟ ಕಲೆ ಇದ್ದರೆ ಬಲಗೈ ಕುಸಿದಿದೆ. ಗಟ್ಟಿ ನೆಲದಲ್ಲಿ ಅದೇ ಕೊರಳೆಲುಬಿನ ಪೆಟ್ಟು. ಸೊಂಟದ ಬದಿಯ ಎಲುಬಿನ ಮೇಲೆ ಕಲೆ ಇದ್ದರೆ ಉರುಳು ಪಕ್ಕಕ್ಕೆ ಹೊರಳುತ್ತಿದೆ, ಮೈಯನ್ನು ಇನ್ನಷ್ಟು ದುಂಡಗೆ ಮಾಡಿ ಮುಂದಕ್ಕೆ ತಳ್ಳಬೇಕು. ಕಣ್ಣಿಗೆ ಕಾಣದ ಬೆನ್ನಿನ ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಮಂಡಿಯೂರಿ, ಆಮೇಲೆ ಕುಕ್ಕುರುಗಾಲಲ್ಲಿ, ನಿಂತು, ನಡೆಯುತ್ತ, ಸಣ್ಣಗೆ ಜಿಗಿದು, ಹೀಗೆ ಒಂದೊಂದೇ ಹಂತ ಏರಿ. ಎಡ ಹೆಗಲಿನಿಂದಲೂ ಅಷ್ಟೇ ಕಲಿಯಬೇಕು, ಬೀಳುವಾಗ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಫರಸಿಗೆ ಹೋಗಲು ಎರಡು ಮೂರು ತಿಂಗಳು ಹಿಡಿಯಲಿ. ಫರಸಿಯ ಮೇಲೆ ಮೊದಲ ಸಲ ಮಾಡುವಾಗ ಮತ್ತೆ ಮಂಡಿಯೂರಿಯೇ ಶುರುಮಾಡಿ.

ಕಟ್ಟೆ ದಾಟುವುದು

ಇಷ್ಟರಲ್ಲಿ ನಾಲ್ಕು ಕಾಲಿನ ನಡಿಗೆ ದಿನದ ಅಭ್ಯಾಸವಾಗಿರಬೇಕು: ಅಂಗೈ ಮತ್ತು ಮುಂಗಾಲು ಮಾತ್ರ ನೆಲದ ಮೇಲೆ, ಮೊಣಕಾಲು ನೆಲದಿಂದ ಎರಡು ಇಂಚು ಮೇಲೆ, ಬಲಗೈ ಜೊತೆ ಎಡಗಾಲು. 10 ಮೀಟರ್ ಮುಂದೆ, 10 ಮೀಟರ್ ಹಿಂದೆ, ಮೂರು ಸಲ. ಮಣಿಕಟ್ಟು, ಹೆಗಲು ಗಟ್ಟಿಯಾಗುವುದು ಇದರಿಂದ. ಇದು ಬಾರದೆ ಕೈಯೂರಿ ದಾಟಲು ಹೋಗಬೇಡಿ.

ಮೊದಲ ದಾಟಿಗೆ ಬೇವಿನ ಮರದ ಕಟ್ಟೆ ಸರಿಯಾದ ಜಾಗ. ಸೊಂಟಕ್ಕಿಂತ ಸ್ವಲ್ಪ ಕೆಳಗಿರಲಿ, ಮಣ್ಣು ತುಂಬಿ ಕಟ್ಟಿದ್ದರಿಂದ ಅಲ್ಲಾಡುವುದಿಲ್ಲ. ಕಟ್ಟೆಯ ಮೂಲೆಯನ್ನು ಬಳಸಿ, ನಡುವೆ ಮರ ಅಡ್ಡ ಬರುತ್ತದೆ. ನಾಗರಕಲ್ಲೋ ದೇವರ ಮೂರ್ತಿಯೋ ಇರುವ ಕಟ್ಟೆಗೆ ಕಾಲಿಡಬೇಡಿ. ಹಿರಿಯರು ಕೂತಿದ್ದರೆ ಬೇರೆ ಕಡೆ ಹೋಗಿ, ಇಲ್ಲವೇ ಅವರು ಎದ್ದ ಮೇಲೆ ಬನ್ನಿ. ಊರವರ ಒಪ್ಪಿಗೆ ಇಲ್ಲದೆ ಈ ಅಭ್ಯಾಸ ಒಂದು ವಾರವೂ ನಡೆಯುವುದಿಲ್ಲ.

ನಡೆದು ಬನ್ನಿ, ಓಡಬೇಡಿ. ಎಡಗೈಯನ್ನು ಕಟ್ಟೆಯ ಮೇಲೆ ಅಂಚಿನಿಂದ ಒಂದು ಗೇಣು ಒಳಗೆ, ಬೆರಳು ಅಗಲಿಸಿ ಇಡಿ. ಬಲ ಮುಂಗಾಲನ್ನು ಕೈಯಿಂದ ಹೆಗಲಗಲ ದೂರದಲ್ಲಿ ಇಡಿ. ಈಗ ಭಾರ ಎಡಗೈ ಮತ್ತು ಬಲಗಾಲಿನ ಮೇಲಿದೆ. ಎಡಗಾಲನ್ನು ಅವೆರಡರ ನಡುವಿನ ಸಂದಿನಿಂದ ಮುಂದಕ್ಕೆ ತೂರಿಸಿ, ಆ ಕಡೆ ಎಡ ಮುಂಗಾಲಿನಿಂದ ಇಳಿದು ನಡಿಗೆ ಮುಂದುವರಿಸಿ. ದೃಷ್ಟಿ ಇಳಿಯುವ ಜಾಗದ ಮೇಲಿರಲಿ.

ಇಲ್ಲಿ ಕೆಡುವುದು ಎರಡು ಕಡೆ. ಸೊಂಟ ತಗ್ಗಿದ್ದರೆ ತೂರುವ ಕಾಲಿನ ಬೆರಳು ಅಂಚಿಗೆ ಸಿಕ್ಕಿ ಮುಂದಕ್ಕೆ ಮುಗ್ಗರಿಸುತ್ತೀರಿ. ಕೈಯನ್ನು ತೀರಾ ಅಂಚಿಗೆ ಇಟ್ಟರೆ ಭಾರ ಬಿದ್ದಾಗ ಅದು ಜಾರಿ ಮೊಣಕಾಲಿನ ಕೆಳಗಿನ ಎಲುಬು ಕಲ್ಲಿಗೆ ಬಡಿಯುತ್ತದೆ. ಎರಡೂ ಬದಿಗೆ 20 ಸಲ ಸದ್ದಿಲ್ಲದೆ ಬಂದಾಗ ಮಾತ್ರ ಮೆಲ್ಲನೆ ಓಡಿ ಬರಬಹುದು. ಎರಡು ಕೈ ನಡುವಿನಿಂದ ಎರಡೂ ಕಾಲು ತರುವ ಕಾಂಗ್ ದಾಟು ಆರು ತಿಂಗಳ ನಂತರದ ಮಾತು. ಅದರಲ್ಲಿ ಬೆರಳು ಸಿಕ್ಕಿದರೆ ಮುಖವೇ ಮೊದಲು ನೆಲಕ್ಕೆ ಹೋಗುತ್ತದೆ.

ಗುರಿ ಜಿಗಿತ

ನಿಂತಲ್ಲಿಂದ ಜಿಗಿದು ಒಂದು ಅಂಚಿನ ಮೇಲೆ ನಿಂತೇಬಿಡುವುದು. ಅಳತೆಗೆ ಟೇಪು ಬೇಡ, ನಿಮ್ಮದೇ ಪಾದ ಸಾಕು. ನೆಲದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆಯಿರಿ, ನಡುವೆ 5 ಪಾದ. ಒಂದು ಗೆರೆಯಿಂದ ಇನ್ನೊಂದಕ್ಕೆ, ಮುಂಗಾಲು ಗೆರೆಯ ಮೇಲೆ ಬರುವಂತೆ ಜಿಗಿದು, ಮೂರು ಎಣಿಸುವವರೆಗೆ ಕದಲದೆ ನಿಲ್ಲಿ. ಹತ್ತರಲ್ಲಿ ಒಂಬತ್ತು ಸಲ ನಿಂತರೆ ಅರ್ಧ ಪಾದ ಹೆಚ್ಚಿಸಿ. ಆಮೇಲೆ ರಸ್ತೆ ಬದಿಯ ತಗ್ಗಿನ ಅಂಚುಗಲ್ಲು, ವಾಹನ ಓಡಾಡದ ಕಡೆ.

ಎತ್ತರಕ್ಕೆ ಹೋದಾಗ ದೂರ ಕಡಿಮೆ ಮಾಡಬೇಕು. ನೆಲದಲ್ಲಿ 7 ಪಾದ ಬರುವವರು ಮೊಣಕಾಲೆತ್ತರದಲ್ಲಿ 5ರಿಂದ ಶುರುಮಾಡಲಿ. ಸಾಲದೆ ಬಂದರೆ ಕಾಲು ಕೆಳಗಿಳಿಯಲಿ, ಮತ್ತೆ ಕಟ್ಟೆ ಹಿಡಿಯಲು ಒದ್ದಾಡಬೇಡಿ. ಹೆಚ್ಚಾದರೆ ಮುಂದಕ್ಕೆ ಒಂದು ಹೆಜ್ಜೆ ಇಳಿದುಬಿಡಿ. ಈ ಎರಡೂ ಸೋಲನ್ನು ಬೇಕೆಂದೇ ಐದೈದು ಸಲ ಮಾಡಿ ಕಲಿಯಬೇಕು. ನಡು ಪಾದ ಅಂಚಿಗೆ ಬಿದ್ದರೆ ಹಿಂದಕ್ಕೆ ಬೀಳುತ್ತೀರಿ, ತಲೆಯ ಹಿಂಭಾಗಕ್ಕೆ ಪೆಟ್ಟಾಗುವುದು ಹೀಗೆಯೇ. ಅದಕ್ಕೆ ಹಿಂದೆ ಕಲ್ಲು, ಕಂಬಿ ಇರುವ ಜಾಗ ಬೇಡ.

ಬಲ ಮತ್ತು ವಾರದ ಲೆಕ್ಕ

ದಂಡ, ಬೈಠಕ್ ಇದ್ದ ನಾಡಿನಲ್ಲಿ ಹೊಸ ಯಂತ್ರ ಬೇಕಿಲ್ಲ. 15 ದಂಡ, 30 ಬೈಠಕ್, ಒಂದೇ ಕಾಲಿನಲ್ಲಿ ಮೆಟ್ಟಿಲ ಅಂಚಿಗೆ ನಿಂತು ಹಿಮ್ಮಡಿ ಏರಿಸಿ ಇಳಿಸುವುದು 20, ಕಂಬಿಗೆ 40 ಸೆಕೆಂಡ್ ಜೋತಾಡುವುದು, 3 ಪುಲ್ ಅಪ್. ಇಷ್ಟು ಒಂದೇ ದಿನ ಸರಾಗವಾಗಿ ಬಂದ ಮೇಲೆ ಗೋಡೆ ಹತ್ತುವ ಪಾಠ ತೆಗೆದುಕೊಳ್ಳಿ. ಸೋಮ, ಗುರು, ಶನಿ ಜಿಗಿತ. ಮಂಗಳ, ಶುಕ್ರ ಬಲ. ಬುಧ, ಭಾನು ಪೂರಾ ಬಿಡುವು. ಊಟಕ್ಕೆ ಜೋಳದ ರೊಟ್ಟಿ, ಗಟ್ಟಿ ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು ಇದ್ದರೆ ಡಬ್ಬಿಯ ಪೌಡರಿಗೆ ದುಡ್ಡು ಹಾಕಬೇಕಿಲ್ಲ. ಮೊಟ್ಟೆ ತಿನ್ನುವವರು ದಿನಕ್ಕೆ ಎರಡು ಸೇರಿಸಿ.

ಪೆಟ್ಟಾದರೆ

ಪಾದ ಹೊರಳಿದರೆ ಮೊದಲು ನಾಲ್ಕು ಹೆಜ್ಜೆ ಊರಲು ಆಗುತ್ತದೆಯೇ ನೋಡಿ. ಆಗದಿದ್ದರೆ, ಅಥವಾ ಕೀಲಿನ ಯಾವುದಾದರೂ ಬದಿಯ ಉಬ್ಬೆಲುಬಿನ ಹಿಂದಿನ ಅಂಚನ್ನು ಒತ್ತಿದಾಗ ನೋವು ಜೀವ ಹಿಂಡಿದರೆ ಎಕ್ಸ್‌ರೇ ಬೇಕು. ನಮ್ಮ ಕಡೆ ಕೂಡಲೇ ಎಣ್ಣೆ ಹಚ್ಚಿ ಉಳುಕು ತೆಗೆಸಲು ಒಯ್ಯುತ್ತಾರೆ. ಮೊದಲ ಎರಡು ಮೂರು ದಿನ ತಿಕ್ಕುವುದು, ಎಳೆಯುವುದು ಎರಡೂ ಬೇಡ: ಒಳಗೆ ರಕ್ತ ಇನ್ನೂ ಸೋರುತ್ತಿರುತ್ತದೆ, ಎಲುಬು ಬಿರುಕು ಬಿಟ್ಟಿದ್ದರೆ ಸರಿದುಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ.

ಅಂಗೈಯೂರಿ ಬಿದ್ದ ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ನೋವಿದ್ದರೆ, ಬಾವು ಕಡಿಮೆ ಇದ್ದರೂ ವೈದ್ಯರಿಗೆ ತೋರಿಸಲೇಬೇಕು. ಅಲ್ಲಿನ ಸಣ್ಣ ಎಲುಬಿನ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು ಹದಿನಾಲ್ಕು ದಿನಗಳ ನಂತರದ ಎರಡನೆಯದರಲ್ಲಿ ಕಾಣುವುದುಂಟು. ತಲೆಗೆ ಪೆಟ್ಟಾದ ದಿನ ಅಭ್ಯಾಸ ಅಲ್ಲಿಗೇ ಮುಗಿಯಿತು. ವಾಂತಿ, ತೂಕಡಿಕೆ, ತಡವರಿಕೆ ಕಂಡರೆ 108. ತುಕ್ಕು ಕಂಬಿ ಗೀರಿದರೆ ಸೋಪು ನೀರಿನಿಂದ ತೊಳೆದು ಟಿ.ಟಿ. ಇಂಜೆಕ್ಷನ್ ಬಗ್ಗೆ ಕೇಳಿ.

ಉಳುಕಿದ ಪಾದಕ್ಕೆ ಮರಳಿ ಜಿಗಿತ ಯಾವಾಗ ಎಂಬುದಕ್ಕೆ ದಿನದ ಲೆಕ್ಕವಿಲ್ಲ. ಆ ಒಂದೇ ಕಾಲಿನಲ್ಲಿ ಕಣ್ಣು ಮುಚ್ಚಿ 20 ಸೆಕೆಂಡ್ ನಿಲ್ಲಬೇಕು, 20 ಸಲ ಹಿಮ್ಮಡಿ ಏರಿಸಬೇಕು, ನಿಂತಲ್ಲೇ 10 ಸಲ ಕುಪ್ಪಳಿಸಬೇಕು, ಮೂರರಲ್ಲೂ ನೋವಿರಬಾರದು. ಆಗ ಒಂದು ಮೆಟ್ಟಿಲಿನಿಂದ ಮತ್ತೆ ಶುರುಮಾಡಿ.